ಹೊಲದಲ್ಲಿರೋ ಮರ ಯಾರದ್ದು?

1983ರ ಒಂದು ದಿನ. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮಣ್ಣುದಾರಿಯಲ್ಲಿ ಟೋನಿ ರಿನಾಡೊ ಗಾಡಿ ನಿಲ್ಲಿಸಿದರು. ಮುಂದೆ ಮೆತ್ತನೆ ಮರಳು. ಟೈರಿನ ಗಾಳಿ ಸ್ವಲ್ಪ ಇಳಿಸದಿದ್ದರೆ ಗಾಡಿ ಹೂತುಕೊಳ್ಳುತ್ತಿತ್ತು. ಆಸ್ಟ್ರೇಲಿಯಾದಿಂದ ಬಂದಿದ್ದ ಅವರು ಅಲ್ಲಿ ಸಸಿ ನೆಡಿಸುತ್ತಾ ಬಂದಿದ್ದರು, ನೆಟ್ಟದ್ದರಲ್ಲಿ ಹೆಚ್ಚಿನವು ಒಣಗಿ ಹೋಗುತ್ತಿದ್ದವು. ಸುತ್ತ ಕಣ್ಣು ಹಾಯಿಸಿದಾಗ ದಾರಿ ಪಕ್ಕದಲ್ಲೊಂದು ಪೊದೆ ಕಂಡಿತು. ಹತ್ತಿರ ಹೋಗಿ ಎಲೆ ನೋಡಿದರೆ, ಅದು ಪೊದೆಯೇ ಅಲ್ಲ. ಯಾವತ್ತೋ ಕಡಿದ ಮರದ ಬುಡದಿಂದ ಮತ್ತೆ ಎದ್ದ ಚಿಗುರು.

ಬೋಳು ಬಯಲು ಅಂದುಕೊಂಡಿದ್ದ ಜಾಗದ ಕೆಳಗೆ ಬೇರುಗಳು ಜೀವಂತವಾಗಿದ್ದವು. ರೈತರು ಪ್ರತಿವರ್ಷ ಬಿತ್ತನೆಗೆ ಮುಂಚೆ ಚಿಗುರನ್ನೆಲ್ಲ ಸವರಿ ಹಾಕುತ್ತಿದ್ದರು, ಅಷ್ಟೇ. ಯಾಕೆ ಸವರುತ್ತಿದ್ದರು ಅನ್ನುವುದೇ ಈ ಕಥೆಯ ಗಂಟು.

ಹೊಲ ಅಂದರೆ ಬಯಲು, ಮರ ಅಂದರೆ ಕಾಡು. ಈ ಗೆರೆ ಬಹಳ ಹಳೆಯದೇನಲ್ಲ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿಗಿರುವ ಸಾಹೆಲ್ ಪಟ್ಟಿಯಲ್ಲಿ ಸಜ್ಜೆ, ಜೋಳದ ನಡುವೆ ‘ಗಾವೊ’ ಮರವನ್ನು ತಲೆಮಾರುಗಳಿಂದ ಉಳಿಸಿಕೊಂಡಿದ್ದರು. ವಿಚಿತ್ರ ಮರ ಅದು. ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ, ಬೇಸಿಗೆಯಲ್ಲಿ ಹಸಿರಾಗಿ ನಿಲ್ಲುತ್ತದೆ. ಪೈರು ಬೆಳೆಯುವಾಗ ನೆರಳು ಬೀಳುವುದಿಲ್ಲ, ದನಕ್ಕೆ ನೆರಳು ಬೇಕಾದಾಗ ಇರುತ್ತದೆ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೂ ಕೊಡುತ್ತದೆ. ಹೇಳಿ ಮಾಡಿಸಿದ ಹಾಗೆ, ಅಲ್ವಾ?

ಗೆರೆ ಎಳೆದದ್ದರಲ್ಲಿ ಕಾನೂನಿನ ಪಾಲು ದೊಡ್ಡದು. 1935ರಲ್ಲಿ ಫ್ರೆಂಚ್ ವಸಾಹತು ಸರ್ಕಾರ ಪಶ್ಚಿಮ ಆಫ್ರಿಕಾಕ್ಕೆ ಒಂದು ಅರಣ್ಯ ಆದೇಶ ತಂದಿತು. ಬೆಲೆಬಾಳುವ ಮರ ರೈತನ ಹೊಲದಲ್ಲಿದ್ದರೂ ಅದರ ಮೇಲೆ ಅರಣ್ಯ ಇಲಾಖೆಯ ಹಿಡಿತ. ಕೊಂಬೆ ಕಡಿದರೂ ದಂಡ. ಸ್ವಾತಂತ್ರ್ಯ ಬಂದ ಮೇಲೂ ಅದೇ ಧೋರಣೆ ಮುಂದುವರಿಯಿತು. ನಾಳೆ ತಲೆನೋವಾಗುವ ಮರವನ್ನು ಇವತ್ತು ಯಾರು ಬೆಳೆಸುತ್ತಾರೆ? ಗಿಡವಾಗಿದ್ದಾಗಲೇ ಕಿತ್ತರೆ ಕೇಳುವವರಿಲ್ಲ. ಮರ ಉಳಿಸಲು ಮಾಡಿದ ಕಾನೂನೇ ಮರ ಮೇಲೇಳದಂತೆ ನೋಡಿಕೊಂಡಿತು.

ಬೇರೆ ಕಡೆ ಈ ಕೆಲಸವನ್ನು ಟ್ರ್ಯಾಕ್ಟರ್ ಮಾಡಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿಗಾಗಿ ಮರಗಳನ್ನು ಬುಡಸಮೇತ ತೆಗೆದರು. ಆಳದ ಬೇರುಗಳು ವರ್ಷವಿಡೀ ಕುಡಿಯುತ್ತಿದ್ದ ನೀರು ಈಗ ಕೆಳಗಿಳಿದು ನಿಂತಿತು. ಅಂತರ್ಜಲ ಮೇಲೇರುತ್ತಾ ಬಂತು, ಮಣ್ಣಿನಾಳದ ಉಪ್ಪನ್ನೂ ಜೊತೆಗೇ ತಂದಿತು. ಮರ ಹೋದರೆ ನೀರು ಉಪ್ಪಾಗುತ್ತದೆ ಅಂತ ಡಬ್ಲ್ಯು.ಇ. ವುಡ್ ಅನ್ನುವ ರೈಲ್ವೆ ಎಂಜಿನಿಯರ್ 1924ರಲ್ಲೇ ಬರೆದಿದ್ದರು. ಉಗಿಬಂಡಿಯ ಬಾಯ್ಲರ್‌ಗೆ ಸಿಹಿನೀರು ಬೇಕಲ್ಲ, ಹಾಗಾಗಿ ರೈಲಿನವರಿಗೆ ಇದು ಬೇಗ ಕಣ್ಣಿಗೆ ಬಿತ್ತು. ಆದರೂ ಕಡಿಯುವುದು ದಶಕಗಳ ಕಾಲ ನಡೆದೇ ಇತ್ತು. ಬಿಳಿ ಉಪ್ಪು ಹರಡಿದ ಬಂಜರು ಹೊಲಗಳು ಇವತ್ತಿಗೂ ಅಲ್ಲಿವೆ.

ಅಮೆರಿಕದ ನಡುಬಯಲಿಗೆ ಪಾಠ ಕಲಿಸಿದ್ದು ಗಾಳಿ. ಹುಲ್ಲುಗಾವಲು ಉತ್ತು ಹಾಕಿದ್ದರು, ಬರ ಬಂತು, ಮೇಲ್ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಎದ್ದ ದೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅಷ್ಟರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮರದ ಸಾಲು ನೆಡುವ ಯೋಜನೆ ಶುರುಮಾಡಿಸಿದ್ದರು. 1942ರ ಹೊತ್ತಿಗೆ ಉತ್ತರ ಡಕೋಟಾದಿಂದ ಟೆಕ್ಸಾಸ್‌ವರೆಗೆ ಸುಮಾರು 22 ಕೋಟಿ ಮರ, ಎಲ್ಲ ಸೇರಿಸಿದರೆ 30,000 ಕಿ.ಮೀ. ಉದ್ದದ ಸಾಲು.

ಗೋಡೆ ಕಟ್ಟಿದ್ದರೆ ಆಗುತ್ತಿರಲಿಲ್ಲವಾ ಅಂತ ಕೇಳಬಹುದು. ಗೋಡೆಗೆ ಬಡಿದ ಗಾಳಿ ಮೇಲಿಂದ ಹಾರಿ ಆಚೆ ಸುಳಿಯಾಗಿ ಬೀಳುತ್ತದೆ. ಮರದ ಸಾಲು ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ. ಎಲೆಗಳ ನಡುವೆ ನುಸುಳಿದ ಗಾಳಿ ಸುಸ್ತಾಗಿ ಹೊರಬರುತ್ತದೆ. ಮರದ ಎತ್ತರದ ಹತ್ತು ಪಟ್ಟು ದೂರಕ್ಕಾದರೂ ಅದರ ಪರಿಣಾಮ ಇರುತ್ತದೆ. ಮಣ್ಣು ಹಾರುವುದು ಕಡಿಮೆ, ತೇವ ಆರುವುದೂ ಕಡಿಮೆ. ತಮಾಷೆ ಅಂದರೆ, ಮುಂದೆ ಹೊಲದಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತಾ ನೀರುಣಿಸುವ ದೊಡ್ಡ ಯಂತ್ರಗಳು ಬಂದಾಗ ಅಡ್ಡ ಅಂತ ಆ ಸಾಲುಗಳಲ್ಲಿ ಎಷ್ಟನ್ನೋ ಕಡಿದರು.

ವಿಜ್ಞಾನಿಗಳು ಈ ಕಡೆ ಗಟ್ಟಿಯಾಗಿ ತಿರುಗಿದ್ದು 1970ರ ದಶಕದ ಕೊನೆಗೆ. 1978ರಲ್ಲಿ ಕೃಷಿ ಅರಣ್ಯಕ್ಕೆಂದೇ, ಅಂದರೆ ಬೆಳೆಯ ಜೊತೆ ಮರವನ್ನೂ ಬೆಳೆಸುವ ಪದ್ಧತಿಗೆಂದೇ, ಒಂದು ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಹುಟ್ಟಿತು, ನೈರೋಬಿಯಲ್ಲಿ ನೆಲೆಯೂರಿತು. ಆಗಿನ ಭರವಸೆಯ ಕೂಸು ಅಂದರೆ ಸಾಲುಬೆಳೆ. ಸುಬಾಬುಲ್‌ನಂಥ ಮರಗಳ ಸಾಲು, ನಡುವೆ ಪೈರು. ಆಗಾಗ ಸವರಿ ಸೊಪ್ಪನ್ನು ಅಲ್ಲೇ ಹಾಸುವುದು. ಸಂಶೋಧನಾ ತಾಕಿನಲ್ಲಿ ಚೆನ್ನಾಗಿ ಬಂತು. ಒಣನೆಲದ ರೈತನ ಹೊಲದಲ್ಲಿ ಮರದ ಬೇರು ಪೈರಿನ ನೀರಿಗೇ ಬಾಯಿ ಹಾಕಿತು. ಕೈತುಂಬ ಕೆಲಸ ಇರುವ ಹೊತ್ತಿನಲ್ಲೇ ಸವರುವ ಕೆಲಸವೂ ಬಂತು. ಹೆಚ್ಚಿನವರು ಕೈಬಿಟ್ಟರು. ಮರ ಅಂದಕೂಡಲೇ ಒಳ್ಳೆಯದು ಅನ್ನುವವರಿಗೆ ಈ ಕಥೆ ಹೇಳಬೇಕು. ಯಾವ ಮರ, ಎಷ್ಟು ದೂರಕ್ಕೆ, ಯಾವ ನೆಲ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಸರಿಯಾಗಿ ಹೊಂದಿದಾಗ ಕೆಲಸ ನಡೆಯುವುದು ಮಣ್ಣಿನೊಳಗೆ. ಹಳೆ ಬೇರು ಕೊಳೆತ ಜಾಗದಲ್ಲಿ ತೂತು ಉಳಿಯುತ್ತದೆ, ಮಳೆನೀರು ಹರಿದುಹೋಗದೆ ಅದರಲ್ಲಿ ಇಳಿಯುತ್ತದೆ. ಪೈರಿನ ಬೇರಿಗೆ ಸಿಗದೆ ಕೆಳಗೆ ಜಾರಿದ ಗೊಬ್ಬರವನ್ನು ಆಳದ ಬೇರು ಹಿಡಿದು ತರಗೆಲೆಯಾಗಿ ವಾಪಸ್ ಮೇಲಕ್ಕೆ ತರುತ್ತದೆ, ಅಂತರ್ಜಲಕ್ಕೆ ಸೇರುವುದು ತಪ್ಪುತ್ತದೆ. ಎರೆಹುಳು ಬರುತ್ತವೆ, ಹುಳ ತಿನ್ನುವ ಹಕ್ಕಿ ಬರುತ್ತವೆ. ಕಾಳು ತಿನ್ನುವ ಹಕ್ಕಿಯೂ ಬರುತ್ತವೆ ಅನ್ನಿ. ಇನ್ನು ಕಾರ್ಬನ್, ಅಂದರೆ ಮರ ಗಾಳಿಯಿಂದ ಹೀರಿ ತನ್ನೊಳಗೆ ಕೂಡಿಡುವ ಇಂಗಾಲ. ಈಚೆಗೆ ಎಲ್ಲರ ಬಾಯಲ್ಲೂ ಅದೇ. ಜಗತ್ತಿನ ಕೃಷಿಭೂಮಿಯಲ್ಲಿ ಶೇ 40ಕ್ಕಿಂತ ಜಾಸ್ತಿ ಕಡೆ, ನೆಲದ ಹತ್ತನೇ ಒಂದು ಭಾಗವಾದರೂ ಮರದ ನೆರಳಲ್ಲಿದೆ ಅಂತ 2016ರ ಅಧ್ಯಯನ ತೋರಿಸಿತು. ಅದಕ್ಕೂ ಮುಂಚೆ ಇಷ್ಟೂ ಮರದ ಕಾರ್ಬನ್ ಲೆಕ್ಕಕ್ಕೇ ಸರಿಯಾಗಿ ಸೇರುತ್ತಿರಲಿಲ್ಲ. ಕಾಡಿನ ಲೆಕ್ಕದಲ್ಲೂ ಇಲ್ಲ, ಬೆಳೆಯ ಲೆಕ್ಕದಲ್ಲೂ ಇಲ್ಲ.

ನೈಜರ್‌ಗೆ ಬರೋಣ. ರಿನಾಡೊ ಸಸಿ ನೆಡಿಸುವ ಪಟ್ಟು ಬಿಟ್ಟು, ಇರುವ ಚಿಗುರನ್ನು ಉಳಿಸಿ ಅಂದರು. ಮೊದಲು ನಕ್ಕವರೇ ಜಾಸ್ತಿ. 1984ರ ಬರಗಾಲದಲ್ಲಿ, ಮರ ಉಳಿಸಿದವರಿಗೆ ಧಾನ್ಯ ಅಂತಾಯಿತು. ಧಾನ್ಯ ಬರುವುದು ನಿಂತಾಗ ಬಹಳ ಜನ ಮತ್ತೆ ಕಡಿದರು. ಆದರೆ ಕೆಲವರು ಕಡಿಯಲಿಲ್ಲ, ಅವರ ಹೊಲ ನೋಡಿ ಪಕ್ಕದವರೂ ಉಳಿಸಿಕೊಂಡರು. ಅಧಿಕಾರಿಗಳೂ ದಂಡದ ವಿಷಯದಲ್ಲಿ ಕೈ ಸಡಿಲ ಬಿಟ್ಟರು. ಇಪ್ಪತ್ತೇ ವರ್ಷದಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎದ್ದಿತ್ತು, ಅಂದಾಜು 20 ಕೋಟಿ. ಹೆಚ್ಚಿನದನ್ನು ಯಾರೂ ನೆಟ್ಟಿರಲಿಲ್ಲ.

ಮಾಡುವ ಕೆಲಸ ನೋಡಿದರೆ ಇಷ್ಟೇನಾ ಅನಿಸುತ್ತದೆ. ಬುಡದ ಸುತ್ತ ಹತ್ತಾರು ಚಿಗುರು ಮುತ್ತಿಕೊಂಡಿರುತ್ತವೆ. ನೆಟ್ಟಗೆ, ಗಟ್ಟಿಯಾಗಿ ಇರುವ ನಾಲ್ಕೈದನ್ನು ಬಿಟ್ಟು ಉಳಿದದ್ದನ್ನು ಕತ್ತಿಯಿಂದ ಸವರುವುದು. ಬಿಟ್ಟವುಗಳಲ್ಲೂ ಕೆಳಗಿನ ಕೊಂಬೆ ತೆಗೆಯುವುದು. ಸವರಿದ್ದು ಒಲೆಗೆ, ಎಲೆ ಹೊಲಕ್ಕೆ. ಮುಂದಿನ ವರ್ಷ ಒಂದೆರಡು ಕಾಂಡ ಕೊಯ್ದರೂ ಮರ ಸಾಯುವುದಿಲ್ಲ, ಬುಡದಲ್ಲಿ ಮತ್ತೆ ಚಿಗುರು ಕಾಯುತ್ತಿರುತ್ತದೆ.