ಹಳ್ಳಿ ರಸ್ತೆಯ ಅನುದಾನ: ಎರಡಾಣೆಯಿಂದ ಇಲ್ಲಿಯವರೆಗೆ

ರಸ್ತೆಯಲ್ಲಿ ಗುಂಡಿ ಬಿದ್ದರೆ ಜನ ಪಂಚಾಯಿತಿ ಸದಸ್ಯರನ್ನು ಹಿಡಿಯುತ್ತಾರೆ, ಸದಸ್ಯರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಖ ನೋಡುತ್ತಾರೆ, ಪಿಡಿಒ 'ಅನುದಾನ ಬಂದಿಲ್ಲ' ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಅನುದಾನ ಬಂದ ವರ್ಷವೂ ಗುಂಡಿ ಹಾಗೇ ಉಳಿದು, ಪಕ್ಕದ ಬೀದಿಗೆ ಕಾಂಕ್ರೀಟ್ ಬೀಳುವುದುಂಟು. ಈ ವಿಚಿತ್ರದ ಬೇರು ಹುಡುಕಲು ನೂರೈವತ್ತು ವರ್ಷ ಹಿಂದೆ ಹೋಗಬೇಕು.

1870ರಲ್ಲಿ ವೈಸರಾಯ್ ಮೇಯೊ ರಸ್ತೆ, ಪೊಲೀಸ್, ಜೈಲು, ಶಿಕ್ಷಣದಂಥ ಬಾಬತ್ತುಗಳನ್ನು ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟು, ಅದಕ್ಕೊಂದು ನಿಗದಿತ ಮೊತ್ತ ಕಟ್ಟಿದರು. ಸಾಲದೆ ಬಂದದ್ದನ್ನು ಸ್ಥಳೀಯವಾಗಿ ಎತ್ತಿಕೊಳ್ಳಿ ಎಂಬುದು ಏರ್ಪಾಡು. ಮರುವರ್ಷವೇ ಮದ್ರಾಸ್ ಪ್ರಾಂತ್ಯ ಕಾಯ್ದೆ ಮಾಡಿ ಭೂಮಿಯ ಮೇಲೆ ರಸ್ತೆಗಾಗಿ ಸೆಸ್ ಹಾಕಿತು. ದಕ್ಷಿಣ ಕನ್ನಡ, ಬಳ್ಳಾರಿಯ ರೈತರೂ ಅದರ ವ್ಯಾಪ್ತಿಗೆ ಬಂದರು. ಜವಾಬ್ದಾರಿ ಕೆಳಕ್ಕೆ ಇಳಿದಷ್ಟು ಸಲೀಸಾಗಿ ಹಣ ಇಳಿಯಲಿಲ್ಲ.

ಮೋಟಾರು ಗಾಡಿಗಳು ಹೆಚ್ಚಿದ ಮೇಲೆ ಮಣ್ಣು-ಜಲ್ಲಿಯ ರಸ್ತೆಗಳು ಪುಡಿಯಾಗತೊಡಗಿದವು. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿ ಸಮಿತಿ ನೇಮಕವಾಯಿತು. ಅದರ ವಾದ ನೇರವಾಗಿತ್ತು: ರಸ್ತೆ ಬರೀ ಪ್ರಾಂತ್ಯದ, ಜಿಲ್ಲಾ ಬೋರ್ಡಿನ ಕೈಗೆ ಎಟುಕುವ ಕೆಲಸವಲ್ಲ, ಕೇಂದ್ರವೂ ಕೈ ಹಾಕಬೇಕು, ರಸ್ತೆ ಸವೆಸುವವರಿಂದಲೇ ಹಣ ಬರಬೇಕು. 1929ರ ಮಾರ್ಚ್‌ನಲ್ಲಿ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ವರ್ಷದ ಕೊನೆಗೆ ಉಳಿದ ಹಣ ವಾಪಸಾಗದಂತೆ ನಿಯಮವಿತ್ತು. ಈಗ ಮಾರ್ಚ್ ಅಂತ್ಯದ ಓಡಾಟ ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಹಂಚಿಕೆಯಾದದ್ದು ಪೆಟ್ರೋಲ್ ಎಲ್ಲಿ ಹೆಚ್ಚು ಉರಿಯಿತೋ ಅದರ ಮೇಲೆ. ಕಾರಿರುವ ಕಡೆಗೆ ರಸ್ತೆ. ಎತ್ತಿನಗಾಡಿಯ ಊರಿಗೆ ಉಳಿದದ್ದು.

1943ರ ನಾಗಪುರ ಸಮ್ಮೇಳನದಲ್ಲಿ ಮುಖ್ಯ ಎಂಜಿನಿಯರುಗಳು ಕೂತು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವರ್ಗ ಮಾಡಿದರು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದಾಯಿತು. ಗ್ರಾಮ ರಸ್ತೆಗೆ ಹೆಸರು ಸಿಕ್ಕಿತು, ಖಾಯಂ ಹಣದ ಮೂಲ ಸಿಗಲಿಲ್ಲ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ಹನ್ನೊಂದನೇ ಅನುಸೂಚಿಯ 13ನೇ ಬಾಬತ್ತಾಗಿ ರಸ್ತೆ, ಮೋರಿ, ಸೇತುವೆಗಳು ಪಂಚಾಯಿತಿ ಪಟ್ಟಿಗೆ ಸೇರಿದವು. ಬೆನ್ನಲ್ಲೇ, ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ ಹತ್ತನೆಯದು 1971ರ ಗ್ರಾಮೀಣ ಜನಸಂಖ್ಯೆಯ ತಲೆಗೆ 100 ರೂಪಾಯಿ ಲೆಕ್ಕದಲ್ಲಿ ಪಂಚಾಯಿತಿಗಳಿಗೆ ಅನುದಾನ ಶಿಫಾರಸು ಮಾಡಿತು. ಹದಿನಾಲ್ಕನೇ ಆಯೋಗ (2015-20) ಹಣವನ್ನು ಗ್ರಾಮ ಪಂಚಾಯಿತಿಗೇ ಕೊಟ್ಟು, ರಸ್ತೆ, ಬೀದಿದೀಪಗಳ ನಿರ್ವಹಣೆಗೂ ಬಳಸಬಹುದು ಎಂದಿತು. ಹದಿನೈದನೇ ಆಯೋಗ ಹಗ್ಗ ಬಿಗಿಮಾಡಿತು: 2021-26ರ ಅವಧಿಗೆ ಶೇ 60 ನಿರ್ಬಂಧಿತ, ಅಂದರೆ ನೀರು-ನೈರ್ಮಲ್ಯಕ್ಕೆ ಮಾತ್ರ, ಉಳಿದ ಶೇ 40ರಲ್ಲೇ ರಸ್ತೆಯೂ ಬೇರೆಲ್ಲವೂ. ರಾಜ್ಯ ಸರ್ಕಾರ ಹಣ ಕೈಸೇರಿದ ಹತ್ತು ಕೆಲಸದ ದಿನಗಳೊಳಗೆ ಕೆಳಕ್ಕೆ ಬಿಡದಿದ್ದರೆ ಬಡ್ಡಿ ಸೇರಿಸಿ ಕೊಡಬೇಕೆಂಬ ಷರತ್ತು ಮಾತ್ರ ಪಂಚಾಯಿತಿಗೆ ಅನುಕೂಲದ್ದು.

ಈ ನಡುವೆ 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂತು. ಬಯಲುಸೀಮೆಯಲ್ಲಿ 500, ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ಜನವಸತಿಗೂ ಸರ್ವಋತು ರಸ್ತೆ ಅದರ ಗುರಿ. ಹಣ ಮೊದಲು ಬಂದದ್ದು ಡೀಸೆಲ್ ಸೆಸ್ಸಿನಿಂದ. ಎರಡಾಣೆಯ ಮೊಮ್ಮಗು ಎನ್ನಿ. ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಿಸಬೇಕು, ಆ ನಿರ್ವಹಣೆಯ ಹಣ ರಾಜ್ಯದ್ದು. ನಮ್ಮಲ್ಲಿ ಈ ಕಲಂ ಇರುವ ರಸ್ತೆಗಳು ಬೇರೆಯವಕ್ಕಿಂತ ಚೆನ್ನಾಗಿರುವುದು ಆಶ್ಚರ್ಯವಲ್ಲ. ತೊಂದರೆ ಶುರುವಾಗುವುದು ಆರನೇ ವರ್ಷ. ಆಮೇಲೆ ಸರ್ಕಾರಿ ಬಜೆಟ್ಟಿನಲ್ಲಿ ರಸ್ತೆ-ಸೇತುವೆಗಳ '3054' ಲೆಕ್ಕ ಶೀರ್ಷಿಕೆಯ ನಿರ್ವಹಣಾ ಹಣಕ್ಕೆ ಕಾಯುವ ಸಾಲಿನಲ್ಲಿ ಅದೂ ಒಂದು ರಸ್ತೆ.

ಹತ್ತಿರ ನಿಂತು ನೋಡಿ. 3.75 ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಯ ಮೇಲ್ಮೈ 3,750 ಚದರ ಮೀಟರ್. 20 ಮಿ.ಮೀ. ಡಾಂಬರು ಪದರ ಹಾಕಿದರೆ ರೋಲರ್ ಹೊಡೆದ ಮೇಲೆ ನಿಲ್ಲುವುದು 75 ಘನ ಮೀಟರ್. ಇಷ್ಟು ತೆಳು ಪದರಕ್ಕೆ ನೀರೇ ಶತ್ರು. ನಡುವಿನಿಂದ ಅಂಚಿಗೆ ಶೇ 3ರ ಇಳಿಜಾರು ಇರಬೇಕು, ಅಂದರೆ ನಡುಭಾಗ ಅಂಚಿಗಿಂತ ಸುಮಾರು 5.6 ಸೆಂ.ಮೀ. ಎತ್ತರ. ರಸ್ತೆಬದಿಯ ಮಣ್ಣು ಬೆಳೆದು ಡಾಂಬರಿಗಿಂತ ಮೇಲೆದ್ದರೆ ಅಥವಾ ಮೋರಿಯ ಬಾಯಿ ಕಟ್ಟಿಕೊಂಡರೆ ನೀರು ಅಂಚಿನಲ್ಲೇ ನಿಂತು ಕೆಳಗಿನ ಜಲ್ಲಿ ಪದರಕ್ಕೆ ಇಳಿಯುತ್ತದೆ. ಮೊದಲು ಅಂಚು ಮುರಿಯುತ್ತದೆ, ಆಮೇಲೆ ಗುಂಡಿ. ಗುದ್ದಲಿ, ಸನಿಕೆಯಲ್ಲಿ ಮುಗಿಯುವ ಕೆಲಸಕ್ಕೆ ಕೊನೆಗೆ ಇಡೀ ರಸ್ತೆಗೆ ಮರುಡಾಂಬರು ಬೇಕಾಗುತ್ತದೆ.

ಪಂಚಾಯಿತಿಗಳು ಕಾಂಕ್ರೀಟಿಗೆ ಒಲಿಯುವುದಕ್ಕೆ ಇದೂ ಕಾರಣ. ಬಿಸಿ ಡಾಂಬರು ಮಿಶ್ರಣದ ಪ್ಲಾಂಟ್ ದೂರ, ಮಿಕ್ಸರ್ ಊರಲ್ಲೇ ಸಿಗುತ್ತದೆ. ಮಳೆಯಲ್ಲಿ ಡಾಂಬರು ಹಾಕುವಂತಿಲ್ಲ, ಹಣವೋ ಎಷ್ಟೋ ಸಲ ಹಣಕಾಸು ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಬರುತ್ತದೆ. ಅವಸರಕ್ಕೆ ಹಾಕಿದ ಕಾಂಕ್ರೀಟಿಗೆ ಮಾರ್ಚ್ ಬಿಸಿಲಲ್ಲಿ ನೀರುಣಿಸುವವರು ಇಲ್ಲ, ಜಾಯಿಂಟ್ (ಕಾಂಕ್ರೀಟ್ ಕುಗ್ಗಲು ಬಿಡುವ ಸೀಳು) ಕತ್ತರಿಸಿರುವುದಿಲ್ಲ. ತಾನೇ ಬೇಕಾದಲ್ಲಿ ಬಿರುಕು ಬಿಡುತ್ತದೆ. ಮುಂದೆ ನಲ್ಲಿ ಪೈಪಿಗೆ ಅಗೆದರೆ ಸರಿಯಾಗಿ ಮುಚ್ಚುವುದಿಲ್ಲ. ಹಳೆಯದರ ಮೇಲೆಯೇ ಇನ್ನೊಂದು ಪದರ ಬಿದ್ದರೆ ಬೀದಿ ಹೊಸ್ತಿಲಿಗಿಂತ ಎತ್ತರವಾಗಿ ಮಳೆನೀರು ಮನೆಯೊಳಗೆ.

ಗುಂಡಿ ಹಾಗೇ ಉಳಿಯುವುದಕ್ಕಿರುವ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ರಿಯಾಯೋಜನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಎಂ.ಬಿ. (ಅಳತೆ ಪುಸ್ತಕ) ದಾಖಲು, ಬಿಲ್, ಹಣಬಳಕೆ ಪ್ರಮಾಣಪತ್ರ: ಇಷ್ಟೂ ಕಾಗದ ಹತ್ತು ಗುಂಡಿಗೂ ಬೇಕು, ಅರ್ಧ ಕಿಲೋಮೀಟರ್ ಹೊಸ ರಸ್ತೆಗೂ ಬೇಕು. ಗುಂಡಿಯನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರಕ್ಕೆ ಕತ್ತರಿಸಿ, ಬದಿ ನೆಟ್ಟಗೆ ಮಾಡಿ, ನೀರು-ಧೂಳು ತೆಗೆದು, ತೆಳುವಾಗಿ ಡಾಂಬರು ಬಳಿದು, ಆಳವಿದ್ದರೆ ಪದರ ಪದರವಾಗಿ ತುಂಬಿ ಒತ್ತಬೇಕು. ಬಿಡಿಬಿಡಿಯಾಗಿ ಇದಕ್ಕೆ ಗುತ್ತಿಗೆದಾರರು ಬರುವುದಿಲ್ಲ. ಊರಿನ ಎಲ್ಲ ರಸ್ತೆಗಳ ಗುಂಡಿಗಳನ್ನು ಚದರ ಮೀಟರ್ ದರದಲ್ಲಿ ಒಂದೇ ಅಂದಾಜುಪಟ್ಟಿಗೆ ಸೇರಿಸಿ, ಕ್ರಿಯಾಯೋಜನೆಯಲ್ಲಿ ಮೊದಲೇ ಜಾಗ ಕೊಟ್ಟರೆ ಮಳೆ ನಿಂತ ತಕ್ಷಣ ಕೆಲಸ ಹಿಡಿಯಬಹುದು. ಚರಂಡಿ, ಮೋರಿಯ ಹೂಳು ತೆಗೆಯುವುದು ಮಾತ್ರ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ ಆಗಬೇಕು.