ಪಾತ್ರ ಸತ್ತರೆ ಮುಂದೇನು? ರೋಲ್‌ಪ್ಲೇಯಿಂಗ್ ಆಟಗಳ ಐವತ್ತು ವರ್ಷದ ಪ್ರಶ್ನೆ

ರೋಲ್‌ಪ್ಲೇಯಿಂಗ್ ಅಂದ್ರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಆಡುವುದು. 1974ರಲ್ಲಿ ಇಂಥ ಆಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂದಾಗ ಸಾವಿನ ನಿಯಮ ತುಂಬಾ ಚಿಕ್ಕದು. ಹಿಟ್ ಪಾಯಿಂಟ್, ಅಂದ್ರೆ ಪಾತ್ರದ ಜೀವದ ಅಂಕ, ಸೊನ್ನೆಯಾದರೆ ಪಾತ್ರ ಸತ್ತಿತು. ಮೊದಲ ಹಂತದ ಮಾಂತ್ರಿಕನಿಗೆ ಎಷ್ಟು ಜೀವ ಎಂಬುದನ್ನು ಆರು ಮುಖದ ಒಂದು ದಾಳ ಹೇಳುತ್ತಿತ್ತು. ಅವನ ಮೇಲೆ ಬೀಳುವ ಕತ್ತಿಯ ಏಟಿಗೂ ಅಂಥದ್ದೇ ಒಂದು ದಾಳ. ಅವನಿಗೆ ಎರಡು, ಏಟಿಗೆ ನಾಲ್ಕು ಬಿತ್ತು ಅಂದ್ರೆ ಕಥೆ ಮುಗೀತು. ಆಟಗಾರ ಹೊಸ ಪಾತ್ರಕ್ಕೆ ಹೊಸ ಹಾಳೆ ತೆಗೆದುಕೊಂಡು ಮತ್ತೆ ದಾಳ ಹಾಕಬೇಕು.

ಇದು ಕ್ರೌರ್ಯವಲ್ಲ, ಹುಟ್ಟಿದ ಮನೆಯ ಗುಣ. ಆಟವನ್ನು ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಬಂದದ್ದು ಯುದ್ಧದಾಟಗಳಿಂದ. ಅಲ್ಲಿ ಸೈನಿಕ ಬಿದ್ದರೆ ಗೊಂಬೆಯನ್ನು ಎತ್ತಿ ಪಕ್ಕಕ್ಕೆ ಇಡುತ್ತಾರೆ. ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡರೆ ಬೇಜಾರಾಗುತ್ತದೆ, ಆದರೆ ಆ ಕಾಯಿಗಾಗಿ ಯಾರೂ ಅಳುವುದಿಲ್ಲ, ಅಲ್ವಾ? ರೋಲ್‌ಪ್ಲೇಯಿಂಗ್‌ನಲ್ಲಿ ಜನ ಅಳತೊಡಗಿದರು. ಕಾಯಿಗೆ ಹೆಸರು ಬಂತು, ಊರು ಬಂತು, ತಿಂಗಳುಗಟ್ಟಲೆ ಆಡಿದ ನೆನಪು ಬಂತು. ನಿಯಮಗಳು ಬದಲಾಗುತ್ತಾ ಹೋದದ್ದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

1979ರ ಡಂಜನ್ ಮಾಸ್ಟರ್ (ಆಟ ನಡೆಸುವವರ) ಕೈಪಿಡಿಯಲ್ಲಿ ಗೈಗ್ಯಾಕ್ಸ್ ಸ್ವಲ್ಪ ಸಮಯ ಕೊಟ್ಟರು. ಸೊನ್ನೆಗೆ ಇಳಿದವನಿಗೆ ಪ್ರಜ್ಞೆ ತಪ್ಪುತ್ತದೆ. ಸುತ್ತಿಗೊಂದರಂತೆ ಅಂಕ ಇಳಿದು ಮೈನಸ್ 10 ಮುಟ್ಟಿದರೆ ಸಾವು. ಅಷ್ಟರೊಳಗೆ ಗೆಳೆಯರು ಓಡಿ ಬಂದರೆ ಉಳಿಯುತ್ತಾನೆ. 1984ರಲ್ಲಿ ಇದೇ ಆಟಕ್ಕೆ ಶುರುವಾದ 'ಡ್ರ್ಯಾಗನ್‌ಲ್ಯಾನ್ಸ್' ಸಾಹಸಗಳು ಇನ್ನೂ ಮುಂದೆ ಹೋದವು. ಅಲ್ಲಿ ದೊಡ್ಡ ಕಥೆಯೊಂದಿತ್ತು, ಅದಕ್ಕೆ ಕೆಲವು ಪಾತ್ರಗಳು ಬೇಕೇ ಬೇಕಿತ್ತು. ಹಾಗಾಗಿ ಮುಖ್ಯ ಪಾತ್ರ ಸತ್ತರೆ ಹೆಣ ಸಿಗದ ಹಾಗೆ ಮಾಡಿ, ಆಮೇಲೆ ಹೇಗೋ ಬದುಕಿದ್ದ ಎಂದು ವಾಪಸ್ ತನ್ನಿ ಎಂಬ ಸಲಹೆ ಕೊಟ್ಟರು. ಇದು ನನಗೆ ಹಿಡಿಸುವುದಿಲ್ಲ. ಸಾಯುವುದೇ ಇಲ್ಲ ಎಂದು ಗೊತ್ತಿದ್ದರೆ ಬಾಗಿಲು ತೆಗೆಯುವಾಗ ಕೈ ನಡುಗುವುದಾದರೂ ಯಾಕೆ?

2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ದಾರಿ ಮೆಚ್ಚುವಂಥದ್ದು. ಬಿದ್ದ ಪಾತ್ರದ ಆಟಗಾರ ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕುತ್ತಾನೆ. 10 ಅಥವಾ ಜಾಸ್ತಿ ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಹೋಯಿತು. 1 ಬಿದ್ದರೆ ಎರಡು ಸೋಲಿನ ಲೆಕ್ಕ. 20 ಬಿದ್ದರೆ ಒಂದು ಹಿಟ್ ಪಾಯಿಂಟ್‌ನೊಂದಿಗೆ ಎದ್ದು ಕೂರುತ್ತಾನೆ. ಎರಡು ಸೋಲಾದ ಮೇಲೆ ದಾಳ ಉರುಳುವಾಗ ಮೇಜಿನ ಸುತ್ತ ಯಾರೂ ಫೋನ್ ನೋಡುವುದಿಲ್ಲ.

ಸಾಯದೆಯೂ ಹಿಡಿದ ಕೆಲಸ ಕೈಗೂಡದ ಸೋಲಿನ ಕಥೆ ಬೇರೆ. ಸಾವಿಗಿಂತ ಆಟವನ್ನು ಹೆಚ್ಚು ಕೆಡಿಸುವುದು 'ಆಗಲಿಲ್ಲ' ಎಂಬ ಒಂದು ಪದ. 1981ರ 'ಕಾಲ್ ಆಫ್ ಕಥುಲು' ಪತ್ತೇದಾರಿ ಬಗೆಯ ಆಟ. ಗ್ರಂಥಾಲಯದಲ್ಲಿ ಹಳೇ ಪತ್ರಿಕೆ ಹುಡುಕಲು ದಾಳ ಹಾಕುತ್ತೀರಿ, ತಪ್ಪುತ್ತದೆ, ಸುಳಿವು ಸಿಗುವುದಿಲ್ಲ. ಸಿಗದಿದ್ದರೆ ತನಿಖೆ ಮುಂದೆ ಹೋಗುವುದಿಲ್ಲ. ಎಲ್ಲರೂ ಸುಮ್ನೆ ಮುಖ ಮುಖ ನೋಡಿಕೊಂಡು ಕೂರುತ್ತಾರೆ. ರಾಬಿನ್ ಲಾಸ್ ರೂಪಿಸಿದ 'ಗಮ್‌ಶೂ' ಪದ್ಧತಿ ಈ ಗಂಟನ್ನು ನೇರವಾಗಿ ಬಿಡಿಸಿತು: ಸರಿಯಾದ ಕೌಶಲವಿದ್ದವನು ಸರಿಯಾದ ಕಡೆ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಆ ಸುಳಿವಿನಿಂದ ಏನು ಮಾಡುತ್ತೀರಿ ಎಂಬುದೇ ಆಟ.

2010ರಲ್ಲಿ ಬಂದ 'ಅಪೋಕ್ಯಾಲಿಪ್ಸ್ ವರ್ಲ್ಡ್' ಇನ್ನೊಂದು ದಾರಿ ತೋರಿಸಿತು. ಎರಡು ದಾಳ ಹಾಕಿ ಕೂಡಿಸಿ. 10 ಅಥವಾ ಜಾಸ್ತಿಯಾದರೆ ಪೂರ್ತಿ ಗೆಲುವು. 7ರಿಂದ 9 ಆದರೆ ಕೆಲಸ ಆಗುತ್ತದೆ, ಆದರೆ ಬೆಲೆ ತೆರಬೇಕು. 6 ಅಥವಾ ಕಡಿಮೆಯಾದರೆ ಆಟ ನಡೆಸುವವರು ಹೊಸ ತೊಂದರೆ ತರುತ್ತಾರೆ. ಬೀಗ ತೆರೆಯದೇ ಇರಬಹುದು, ಆದರೆ ಕಾವಲುಗಾರನ ಹೆಜ್ಜೆ ಸದ್ದು ಕೇಳಿಸುತ್ತದೆ. ದಾಳ ಹಾಕಿದ ಮೇಲೆ ಪರಿಸ್ಥಿತಿ ಮೊದಲಿನಂತೆಯೇ ಉಳಿಯುವುದಿಲ್ಲ.

ಹಾಗಂತ ಹಳೇ ಕಟ್ಟುನಿಟ್ಟು ಸತ್ತಿಲ್ಲ. 2012ರ 'ಡಂಜನ್ ಕ್ರಾಲ್ ಕ್ಲಾಸಿಕ್ಸ್'ನಲ್ಲಿ ಒಬ್ಬೊಬ್ಬ ಆಟಗಾರನೂ ಮೂರ್ನಾಲ್ಕು ಬಡ ಹಳ್ಳಿಗರನ್ನು ಕರೆದುಕೊಂಡು ಗುಹೆಗೆ ಇಳಿಯುತ್ತಾನೆ. ಒಬ್ಬ ರೈತ, ಒಬ್ಬ ಕಮ್ಮಾರ, ಕೈಯಲ್ಲಿ ಸಿಕ್ಕ ಆಯುಧ. ಬಹುಪಾಲು ಜನ ಅಲ್ಲೇ ಸಾಯುತ್ತಾರೆ, ಅದು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಹೊರಗೆ ಬಂದವರು ಮಾತ್ರ ಮೊದಲ ಹಂತದ ವೀರರಾಗುತ್ತಾರೆ.