ಎ, ಇ, ಐ, ಓ, ಯು: ಐದೂ ಸ್ವರ ಸಾಲಾಗಿ ಬರುವ ಇಂಗ್ಲಿಷ್ ಪದಗಳು

ಡೈಲಾಗ್ ಅನ್ನೋದನ್ನ ಇಂಗ್ಲಿಷಿನಲ್ಲಿ ಒಮ್ಮೆ ಬರೆದು ನೋಡಿ. ಡಿ, ಐ, ಎ, ಎಲ್, ಓ, ಜಿ, ಯು, ಇ. ಇಂಗ್ಲಿಷಿನ ಐದೂ ಸ್ವರಾಕ್ಷರ ಅದರಲ್ಲಿವೆ, ಅದೂ ಒಂದೊಂದು ಒಂದೇ ಸಲ. ಎಜುಕೇಷನ್ ಹಾಗೇ. ಈಕ್ವೇಷನ್ ಹಾಗೇ. ಗೋಬಿ ಮಂಚೂರಿಗೆ ಬೇಕಾದ ಕಾಲಿಫ್ಲವರ್ ಕೂಡ ಹಾಗೇ. ಬಿಹೇವಿಯರ್ ಅಂತ ಬ್ರಿಟಿಷರ ಥರ ಬರೆದರೆ ಅದೂ ಈ ಗುಂಪಿಗೆ ಸೇರುತ್ತದೆ, ಆದರೆ ಅಮೆರಿಕದವರು ಅದರಲ್ಲಿ ಯು ಬರೆಯೋದೇ ಇಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಸೇರೋದಿಲ್ಲ.

ಇಂಥ ಪದಗಳನ್ನ ಪದದಾಟದ ಹುಚ್ಚಿರುವವರು ಸೂಪರ್‌ವೋಕಾಲಿಕ್ ಅಂತಾರೆ. ಐದು ಸ್ವರವೂ ಇರಬೇಕು, ಯಾವುದೂ ಎರಡನೇ ಸಲ ಬರಬಾರದು, ಅಷ್ಟೇ ಷರತ್ತು. ಹುಡುಕಿದರೆ ಇವು ಬೇಕಾದಷ್ಟು ಸಿಗುತ್ತವೆ. ನಿಜವಾಗಿ ಅಪರೂಪ ಅಂದರೆ ಐದೂ ಸ್ವರ ಎ, ಇ, ಐ, ಓ, ಯು ಅಂತ ನಾವು ಶಾಲೆಯಲ್ಲಿ ಕಲಿತ ಅದೇ ಕ್ರಮದಲ್ಲಿ ಬರುವ ಪದಗಳು. ಹೆಸರುವಾಸಿಯಾದವು ಮೂರು: ಫಸೀಷಸ್, ಆಬ್‌ಸ್ಟೀಮಿಯಸ್, ಆರ್ಸೀನಿಯಸ್.

ಮೂರೂ ಒಂದೇ ಥರ ಮುಗಿಯುತ್ತವೆ, ಗಮನಿಸಿದಿರಾ? ಗುಟ್ಟು ಅಲ್ಲೇ ಇದೆ. ಇಂಗ್ಲಿಷಿನಲ್ಲಿ ಗುಣ ಹೇಳುವ ಎಷ್ಟೋ ಪದಗಳ ಬಾಲದಲ್ಲಿ ಐ, ಓ, ಯು, ಎಸ್ ಅನ್ನೋ ನಾಲ್ಕು ಅಕ್ಷರ ಬರುತ್ತವೆ. ಸೀರಿಯಸ್, ಕ್ಯೂರಿಯಸ್, ಅವುಗಳ ಅಣ್ಣತಮ್ಮಂದಿರೆಲ್ಲ ಇದೇ ಮನೆಯವರು. ಲ್ಯಾಟಿನ್‌ನಿಂದ, ಬಹಳಷ್ಟು ಸಲ ಫ್ರೆಂಚ್ ದಾಟಿಕೊಂಡು ಬಂದ ಬಾಲ ಇದು. ಈ ಬಾಲ ಸಿಕ್ಕಿತು ಅಂದರೆ ಕೊನೆಯ ಮೂರು ಸ್ವರ ಪುಕ್ಕಟೆಯಾಗಿ, ಕ್ರಮವಾಗಿ ಬಂದಂತಾಯಿತು. ಇನ್ನು ಬಾಲಕ್ಕೆ ಮುಂಚೆ ಮೊದಲು ಒಂದು ಎ, ಆಮೇಲೆ ಒಂದು ಇ ಇದ್ದರೆ ಸಾಕು. ಪವಾಡ ಏನೂ ಇಲ್ಲ. ಆದರೂ ಈ ಸಣ್ಣ ಷರತ್ತು ಪೂರೈಸುವ ಪದಗಳು ಕೈಬೆರಳಲ್ಲಿ ಎಣಿಸುವಷ್ಟೇ.

ಮೊದಲು ಫಸೀಷಸ್ ತೊಗೊಳ್ಳಿ. ಎಫ್, ಎ, ಸಿ, ಇ, ಟಿ, ಐ, ಓ, ಯು, ಎಸ್. ಒಂಬತ್ತು ಅಕ್ಷರ. ಐದು ಸ್ವರ ಬರೆದಿದ್ದೀವಿ, ಆದರೆ ಬಾಯಿಂದ ಬರೋದು ಫ, ಸೀ, ಷಸ್ ಅಂತ ಮೂರೇ ಮೂರು. ಟಿ ಜೊತೆ ಐ ಸೇರಿ ಷ ಆಗಿಬಿಡುತ್ತದೆ, ಓ ಮತ್ತು ಯು ಸೇರಿ ಒಂದು ಅರೆಬರೆ ಅ ಆಗುತ್ತದೆ. ಅಂದರೆ ಈ ಆಟ ಕಣ್ಣಿಗೆ ಮಾತ್ರ, ಕಿವಿಗಲ್ಲ. ನಮ್ಮಲ್ಲಿ ಸ್ವರ ವ್ಯಂಜನದ ಮೈಗೆ ಅಂಟಿಕೊಂಡು ಕಾಗುಣಿತವಾಗುತ್ತದೆ, ಬರೆದದ್ದನ್ನೇ ಓದುತ್ತೀವಿ, ಹಾಗಾಗಿ ಕನ್ನಡದಲ್ಲಿ ಇಂಥ ಮೋಜಿಗೆ ಜಾಸ್ತಿ ಜಾಗ ಇಲ್ಲ.

ಫಸೀಷಸ್‌ನ ಅರ್ಥ ಸುಮ್ನೆ ತಮಾಷೆ ಅಂತ ಅಲ್ಲ. ಗಂಭೀರವಾಗಿರಬೇಕಾದ ಜಾಗದಲ್ಲಿ ಮಾಡುವ ಹುಡುಗಾಟ. ಆಫೀಸಿನಲ್ಲಿ ಸರ್ವರ್ ಕೆಟ್ಟು ಕೂತಿದೆ, ಗ್ರಾಹಕರ ಫೋನ್ ಮೇಲೆ ಫೋನ್, ಮ್ಯಾನೇಜರ್ ಮುಖ ಕೆಂಪಗಾಗಿದೆ, ಆಗ ಮೂಲೆಯಿಂದ ಒಬ್ಬ "ಪಾಪ, ಅದಕ್ಕೂ ಒಂದು ವೀಕೆಂಡ್ ಬೇಕಲ್ವಾ ಸಾರ್" ಅಂತಾನಲ್ಲ, ಅದು ಫಸೀಷಸ್. ವ್ಯಂಗ್ಯಕ್ಕೂ ಇದಕ್ಕೂ ವ್ಯತ್ಯಾಸ ಇದೆ. ವ್ಯಂಗ್ಯದಲ್ಲಿ ಚುಚ್ಚುವ ಉದ್ದೇಶ ಇರುತ್ತದೆ, ಇದರಲ್ಲಿ ಹೊತ್ತುಗೊತ್ತು ಇಲ್ಲದ ಲಘುತನ ಇರುತ್ತದೆ. ಕನ್ನಡದ ಕುಚೋದ್ಯ ಹತ್ತಿರ ಬರುತ್ತದೆ, ಆದರೆ ಕುಚೋದ್ಯದಲ್ಲಿ ಸ್ವಲ್ಪ ಕಿಡಿಗೇಡಿತನ ಜಾಸ್ತಿ. ವಿಚಿತ್ರ ಅಂದರೆ ಇದರ ಲ್ಯಾಟಿನ್ ಬೇರಾದ ಫಸೇಟಸ್ ಅನ್ನೋದು ಹೊಗಳಿಕೆಯ ಮಾತು. ನಯವಾಗಿ, ಚುರುಕಾಗಿ ಮಾತಾಡುವವನು ಅಂತ. ಇಂಗ್ಲಿಷಿನಲ್ಲೂ ಮೊದಮೊದಲು ಮರ್ಯಾದೆ ಇತ್ತು, ಬರ್ತಾ ಬರ್ತಾ ಬೈಗುಳದ ಹತ್ತಿರ ಬಂತು.

ಆಬ್‌ಸ್ಟೀಮಿಯಸ್‌ದು ಹತ್ತು ಅಕ್ಷರ. ಊಟದಲ್ಲಿ, ಅದಕ್ಕಿಂತ ಹೆಚ್ಚಾಗಿ ಕುಡಿಯೋದರಲ್ಲಿ ಹಿಡಿತ ಇರುವವರಿಗೆ ಹೇಳೋದು. ಮದುವೆ ಊಟದಲ್ಲಿ ಬಡಿಸುವವರು ಎರಡನೇ ಹೋಳಿಗೆ ತಂದ ಕೂಡಲೇ ಎಲೆಗೆ ಅಡ್ಡ ಕೈ ಹಿಡಿದು, "ಬೇಡಪ್ಪಾ, ಸಾಕು" ಅಂತ ನಿಜವಾಗಿಯೂ ನಿಲ್ಲಿಸಿಬಿಡುವವರು ಇರ್ತಾರಲ್ಲ, ಅವರು. ಉಪವಾಸ ಇರುವವರಲ್ಲ, ಪೂರ್ತಿ ಬಿಟ್ಟವರೂ ಅಲ್ಲ, ಮಿತವಾಗಿ ತಿನ್ನುವವರು. ಆಬ್‌ಸ್ಟೇನ್ ಅನ್ನೋ ಪದದಿಂದಲೇ ಇದು ಬಂದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೇರು ಬೇರೆ. ಆಬ್‌ಸ್ಟೇನ್ ಬಂದದ್ದು ಹಿಡಿದಿಡು ಅನ್ನುವ ಲ್ಯಾಟಿನ್ ಧಾತುವಿನಿಂದ. ಇದು ಬಂದದ್ದು ಟೆಮೇಟಂ ಅನ್ನೋ ಪದದಿಂದ, ಅಂದರೆ ಮತ್ತೇರಿಸುವ ಮದ್ಯ. ಅದರ ಹಿಂದೆ ದೂರ ಅನ್ನುವ ಆಬ್ಸ್ ಸೇರಿದರೆ, ಹೆಂಡದಿಂದ ದೂರ ಇರುವವನು ಅಂತ ಆಯಿತು.

ಆರ್ಸೀನಿಯಸ್ ರಸಾಯನಶಾಸ್ತ್ರದ ಪದ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಫೆರಸ್, ಫೆರಿಕ್ ನೆನಪಿರಬಹುದು. ಕಬ್ಬಿಣದ ವೇಲೆನ್ಸಿ, ಅಂದರೆ ಬೇರೆ ಪರಮಾಣುಗಳ ಜೊತೆ ಕೂಡುವ ಸಾಮರ್ಥ್ಯ, ಕಡಿಮೆ ಇದ್ದರೆ ಫೆರಸ್, ಹೆಚ್ಚಿದ್ದರೆ ಫೆರಿಕ್. ಅದೇ ರೀತಿ ಆರ್ಸೆನಿಕ್‌ನ ವೇಲೆನ್ಸಿ ಮೂರು ಇದ್ದರೆ ಆರ್ಸೀನಿಯಸ್, ಐದು ಇದ್ದರೆ ಆರ್ಸೆನಿಕ್. ಆರ್ಸೀನಿಯಸ್ ಆಕ್ಸೈಡ್ ಅಂದರೆ ಬಿಳಿ ಪಾಷಾಣ, ಬಹಳ ಹಳೇ ವಿಷ. ಅದೇ ವಸ್ತುವನ್ನ ಇವತ್ತು ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಔಷಧಿಯಾಗಿಯೂ ಕೊಡ್ತಾರೆ. ಈಗಿನ ಪುಸ್ತಕಗಳಲ್ಲಿ ಈ ಹಳೇ ಹೆಸರು ಕಡಿಮೆ. ಇದನ್ನ ಐ ಬಿಟ್ಟು ಆರ್ಸೆನಸ್ ಅಂತ ಬರೆಯೋದೂ ಇದೆ, ಹಾಗೆ ಬರೆದರೆ ನಮ್ಮ ಆಟ ಕೆಟ್ಟಿತು.

ಇನ್ನೂ ಗಿಡ್ಡ ಬೇಕು ಅಂದರೆ ಎಂಟು ಅಕ್ಷರದ ಸೀಸಿಯಸ್ (ಸಿ, ಎ, ಇ, ಎಸ್, ಐ, ಓ, ಯು, ಎಸ್) ಇದೆ, ಬೂದು ಬೆರೆತ ನೀಲಿ ಬಣ್ಣ. ಎಲೆಗಳ ಬಣ್ಣ ಹೇಳೋಕೆ ಸಸ್ಯಶಾಸ್ತ್ರದವರು ಬಳಸುವ ಪದ. ಸೀಸಿಯಂ ಲೋಹದ ಹೆಸರೂ ಇದೇ ಲ್ಯಾಟಿನ್ ಬೇರಿನದು. 1860ರಲ್ಲಿ ಜರ್ಮನ್ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಚಾಫ್ ಅದನ್ನ ಗುರುತಿಸಿದ್ದೇ ರೋಹಿತದಲ್ಲಿ, ಅಂದರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಂಡ ಪಟ್ಟಿಯಲ್ಲಿ, ಕಂಡ ನೀಲಿ ಗೆರೆಗಳಿಂದ. ಹಾಗೇ ಉದ್ದ ಬೇಕು ಅಂದರೆ ಫಸೀಷಸ್ ಮತ್ತು ಆಬ್‌ಸ್ಟೀಮಿಯಸ್‌ಗೆ ಎಲ್ ಮತ್ತು ವೈ ಸೇರಿಸಿ. ಅರೆಸ್ವರ ಅನ್ನಿಸಿಕೊಳ್ಳುವ ವೈ ಕೂಡ ಕೊನೆಯಲ್ಲಿ ತನ್ನ ಜಾಗದಲ್ಲೇ ಬಂದು ಕೂರುತ್ತದೆ.

ಉಲ್ಟಾ ಕ್ರಮದವೂ ಇವೆ. ಯು, ಓ, ಐ, ಇ, ಎ. ಇಲ್ಲಿ ಉಪಕಾರ ಮಾಡೋದು ಬಾಲಕ್ಕಿಂತ ತಲೆ. ಅಲ್ಲ ಅಂತ ಹೇಳುವ ಅನ್, ಕೆಳಗೆ ಅಂತ ಹೇಳುವ ಸಬ್, ಎರಡರಲ್ಲೂ ಯು ಮೊದಲೇ ಸಿಕ್ಕಿಬಿಡುತ್ತದೆ. ಅನ್‌ಕಾಂಪ್ಲಿಮೆಂಟರಿ ಹದಿನೈದು ಅಕ್ಷರದ್ದು. ಬೈಗುಳ ಅಲ್ಲ, ಆದರೆ ಹೊಗಳಿಕೆ ಅಂತೂ ಖಂಡಿತ ಅಲ್ಲ, ಅಂಥ ಮಾತು. "ನಿಮ್ಮ ಹೊಸ ಹೇರ್‌ಕಟ್ ಪರವಾಗಿಲ್ಲ, ಬೆಳೆಯುತ್ತೆ ಬಿಡಿ" ಅಂದ ಹಾಗೆ. ಇನ್ನೊಂದು ಹದಿನಾಲ್ಕು ಅಕ್ಷರದ ಸಬ್‌ಕಾಂಟಿನೆಂಟಲ್. ಉಪಖಂಡದ್ದು ಅಂತ ಅರ್ಥ. ಕ್ರಿಕೆಟ್ ಕಾಮೆಂಟರಿಯಲ್ಲಿ ಚೆಂಡು ತಿರುಗುವ ನಮ್ಮ ಕಡೆಯ ಪಿಚ್‌ಗಳ ಬಗ್ಗೆ ಹೇಳುವಾಗ ದಿನಾ ಕೇಳುವ ಪದವೇ ಇದು.